ರಾಬರ್ಟ್ ಬಾಷ್: ವರ್ಕ್‌ಶಾಪಿನಿಂದ ತರಗತಿಗೆ ಬಂದ ಒಂದು ಜೀವನ

ಬೋಧನಾಭ್ಯಾಸದ ಎರಡನೇ ವಾರ ನಡೆದಿತ್ತು. ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಹತ್ತನೇ ತರಗತಿಯಲ್ಲಿ ನಾನು ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು ಎಂಬ ಘಟಕವನ್ನು ತೆಗೆದುಕೊಂಡಿದ್ದೆ. ವಿದ್ಯುತ್ ಮೋಟಾರು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಕೇಳಿದಾಗ ಫ್ಯಾನು, ಮಿಕ್ಸಿ, ಬೋರ್‌ವೆಲ್ ಎಂಬ ಉತ್ತರಗಳು ಬಂದವು. ಕೊನೆಯ ಬೆಂಚಿನ ಒಬ್ಬ ಹುಡುಗ ಮಾತ್ರ ಹೊಸ ಬೈಕಿನ ಪೆಟ್ರೋಲ್ ಟ್ಯಾಂಕಿನೊಳಗೆ ಮೋಟಾರು ಇದೆ ಎಂದ. ಕೀಲಿ ತಿರುಗಿಸಿದ ಕೂಡಲೆ, ಇಂಜಿನ್ ಶುರುವಾಗುವ ಮೊದಲೇ, ಸುಂಯ್ ಎಂದು ಎರಡು ಸೆಕೆಂಡು ಸದ್ದು ಬರುತ್ತದಲ್ಲ, ಅದು ಆ ಮೋಟಾರಿನದು ಎಂದು ವಿವರಿಸಿದ. ಪೆಟ್ರೋಲಿನೊಳಗೆ ಕರೆಂಟು ಇಟ್ಟರೆ ಬೆಂಕಿ ಯಾಕೆ ಹತ್ತುವುದಿಲ್ಲ ಎಂದು ನನ್ನನ್ನೇ ಕೇಳಿದ.

ನನ್ನಲ್ಲಿ ಉತ್ತರ ಇರಲಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೆ, ಆದರೆ ಬೈಕಿನ ಟ್ಯಾಂಕಿನೊಳಗೆ ಇಣುಕಿರಲಿಲ್ಲ. ಮುಂದಿನ ತರಗತಿಯಲ್ಲಿ ಹೇಳುತ್ತೇನೆ ಎಂದು ಪಾಠ ಮುಂದುವರಿಸಿದೆ. ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ಪಾಠಯೋಜನೆಯ ಪುಟದಲ್ಲಿ ಆ ಪ್ರಶ್ನೆಯ ಕೆಳಗೆ ಗೆರೆ ಎಳೆದರು. ನಂತರ ತಿಳಿದದ್ದು, ಆ ಹುಡುಗ ಭಾನುವಾರ ಗ್ಯಾರೇಜಿಗೆ ಹೋಗುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ಬೇಕಾದರೆ ಅದಕ್ಕೂ ಮೊದಲೇ, ಶಾಲೆ ಬಿಟ್ಟು ಅಲ್ಲಿಯೇ ಸೇರುವ ಯೋಚನೆ ಅವನದು.

ಉತ್ತರ ಹುಡುಕಿಕೊಂಡು ನಾನು ಯಾದಗಿರಿಯಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುವ ಒಂದು ಅಂಗಡಿಗೆ ಹೋದೆ. ಅಂಗಡಿ ನನಗೆ ಹೊಸದಲ್ಲ. ನಮ್ಮೂರು ಸುರಪುರ ತಾಲ್ಲೂಕಿನಲ್ಲಿದೆ. ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರುಗಳು ಬಂದವು. ಇಂಜಿನ್ ಕಪ್ಪು ಹೊಗೆ ಬಿಟ್ಟರೆ ನಮ್ಮ ಕಡೆ ಪಂಪು ಬಿಚ್ಚಿಕೊಂಡು ಇಂಥ ಅಂಗಡಿಗೆ ತರುತ್ತಾರೆ. ಅಲ್ಲಿನ ಮಿಸ್ತ್ರಿ ಪೆಟ್ರೋಲ್ ಪಂಪಿನ ಗುಟ್ಟು ಹೇಳಿದರು, ಜೊತೆಗೆ ಡೀಸೆಲ್ ಪಂಪು ಪರೀಕ್ಷಿಸುವ ಯಂತ್ರವನ್ನೂ ತೋರಿಸಿದರು. ಹಳೆಯ ಪಂಪಿನ ಮೇಲೆ ಮೈಕೋ ಎಂದೂ ಹೊಸದರ ಮೇಲೆ ಬಾಷ್ ಎಂದೂ ಇತ್ತು. ಬಾಷ್ ಎಂಬುದು ಕಂಪನಿಯ ಹೆಸರು ಎಂದಷ್ಟೇ ತಿಳಿದಿದ್ದ ನನಗೆ, ಅದು ಒಬ್ಬ ಮನುಷ್ಯನ ಹೆಸರು ಎಂಬುದು ಆಮೇಲೆ ಓದಿದಾಗ ಗೊತ್ತಾಯಿತು. ಓದುತ್ತ ಹೋದಂತೆ, ಇದು ನಾವು ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕಾದ ಜೀವನ ಎನ್ನಿಸಿತು.

ರಾಬರ್ಟ್ ಬಾಷ್ ಅವರು 1861ರ ಸೆಪ್ಟೆಂಬರ್ 23ರಂದು ದಕ್ಷಿಣ ಜರ್ಮನಿಯ ಉಲ್ಮ್ ನಗರದ ಹತ್ತಿರ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆ ಒಕ್ಕಲುತನದ ಜೊತೆಗೆ ಪ್ರಯಾಣಿಕರು ತಂಗುವ ಖಾನಾವಳಿ ನಡೆಸುತ್ತಿದ್ದರು. ಓದಿನ ಬೆಲೆ ತಿಳಿದವರು. 1869ರಲ್ಲಿ ಮನೆಯವರೆಲ್ಲ ಉಲ್ಮ್‌ಗೆ ಬಂದರು. ಅಲ್ಲಿಯ ಶಾಲೆಯಲ್ಲಿ ರಾಬರ್ಟ್ ಓದಿದರು, ಆದರೆ ಮನಸ್ಸು ಪುಸ್ತಕಕ್ಕೆ ಅಂಟಲಿಲ್ಲ. 1876ರಲ್ಲಿ, ಹದಿನೈದರ ಹೊತ್ತಿಗೆ, ಶಾಲೆ ಬಿಟ್ಟು ಅದೇ ಊರಿನ ಒಬ್ಬ ಸೂಕ್ಷ್ಮಯಂತ್ರ ಕೆಲಸಗಾರರ ಬಳಿ ಕೆಲಸ ಕಲಿಯಲು ಸೇರಿದರು.

ಆ ಮೂರು ವರ್ಷ ಅವರಿಗೆ ಕಹಿಯಾಗಿಯೇ ಉಳಿದವು. ಗುರುವಿಗೆ ಕಲಿಸುವುದರಲ್ಲಿ ಆಸಕ್ತಿ ಇರಲಿಲ್ಲ. ಹುಡುಗರನ್ನು ಅವರ ಪಾಡಿಗೆ ಬಿಟ್ಟಿದ್ದರು. ಏನು ಮಾಡಿದರು, ಯಾಕೆ ತಪ್ಪಾಯಿತು ಎಂದು ಕೇಳುವವರಿರಲಿಲ್ಲ. ಕೈ ಕೆಲಸ ಅಷ್ಟಿಷ್ಟು ಬಂತು, ಅದರ ಹಿಂದಿನ ಕಾರಣ ಬರಲಿಲ್ಲ. ಈ ನೋವನ್ನು ಬಾಷ್ ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಅವರು ಮಾಡಿದ ಒಂದು ದೊಡ್ಡ ಕೆಲಸಕ್ಕೆ ಇದೇ ಬೀಜ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ತರಬೇತಿ ಮುಗಿದ ಮೇಲೆ ಅವರು ಊರೂರು ತಿರುಗಿ ಬೇರೆ ಬೇರೆ ಕಾರ್ಖಾನೆಗಳಲ್ಲಿ ದುಡಿದರು. ಒಂದು ವರ್ಷ ಸೈನ್ಯದಲ್ಲಿದ್ದರು. ವಿದ್ಯುತ್ತು ಆಗ ಹೊಸದು. ಅದರ ಕೆಲಸ ಮಾಡುತ್ತಿದ್ದರೂ ವೋಲ್ಟೇಜು ಎಂದರೆ ನಿಜವಾಗಿ ಏನು ಎಂಬುದು ತಮಗೆ ತಿಳಿಯದು ಎಂಬ ಅರಿವು ಅವರನ್ನು ಕಾಡಿತು. 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿಗೆ ಹೋಗಿ ಸ್ವಲ್ಪ ಕಾಲ ಪಾಠ ಕೇಳಿದರು. ಪದವಿಗಾಗಿ ಹೋದದ್ದಲ್ಲ, ಪದವಿ ಪಡೆಯಲೂ ಇಲ್ಲ. ತಾಂತ್ರಿಕ ಪದಗಳ ಬಗ್ಗೆ ತಮಗಿದ್ದ ಭಯ ಅಲ್ಲಿ ಹೋಯಿತು ಎಂಬುದು ಅವರೇ ಕಂಡುಕೊಂಡ ಲಾಭ. ಅಲ್ಲಿಂದ 1884ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಕಾರ್ಖಾನೆಯಲ್ಲಿ ದುಡಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸಹೋದರರ ಕಂಪನಿಯಲ್ಲಿ ಕೆಲಸ ಮಾಡಿದರು.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನ ಒಂದು ಮನೆಯ ಹಿತ್ತಲ ಕಟ್ಟಡದಲ್ಲಿ ಅವರ ಸ್ವಂತ ವರ್ಕ್‌ಶಾಪು ಶುರುವಾಯಿತು. ಜೊತೆಗಿದ್ದವರು ಒಬ್ಬ ಕೆಲಸಗಾರ ಮತ್ತು ಚಿಲ್ಲರೆ ಕೆಲಸಕ್ಕೆ ಒಬ್ಬ ಹುಡುಗ. ಟೆಲಿಫೋನು, ಕರೆಗಂಟೆ, ಹೀಗೆ ಏನು ಬಂದರೂ ಮಾಡಿಕೊಟ್ಟರು. ಬಾಷ್ ಸೈಕಲ್ ತುಳಿದುಕೊಂಡು ಗ್ರಾಹಕರ ಮನೆಗೆ ಹೋಗಿ ಕೆಲಸ ಸರಿಯಾಗಿದೆಯೇ ಎಂದು ನೋಡಿ ಬರುತ್ತಿದ್ದರು. ಮೊದಲ ವರ್ಷಗಳು ಸಾಲದಲ್ಲೇ ಕಳೆದವು. ಒಂದು ಹಂತದಲ್ಲಿ ಹೆಚ್ಚಿನ ಕೆಲಸಗಾರರನ್ನು ಬಿಡಬೇಕಾಯಿತು.

1887ರಲ್ಲಿ ಒಬ್ಬ ಗ್ರಾಹಕ ತಮ್ಮ ಗ್ಯಾಸ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಮ್ಯಾಗ್ನೆಟೋ ಯಂತ್ರ ಬೇಕೆಂದು ಕೇಳಿದರು. ಅಂಥ ಯಂತ್ರ ಆಗಲೇ ಬೇರೊಬ್ಬರು ಮಾಡಿದ್ದರು. ಬಾಷ್ ಅದನ್ನು ನೋಡಿ, ಸುಧಾರಿಸಿ ತಯಾರಿಸಿದರು. ಇದರ ತತ್ವ ನಮ್ಮ ಪಠ್ಯದಲ್ಲೇ ಇದೆ. ಕಾಂತದ ಎರಡು ಧ್ರುವಗಳ ನಡುವೆ ತಂತಿಯ ಸುರುಳಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಪ್ರವಾಹ ಪ್ರೇರಿತವಾಗುತ್ತದೆ. ಆ ಪ್ರವಾಹ ಹರಿಯುವ ಮಂಡಲವನ್ನು ಸಿಲಿಂಡರಿನೊಳಗೆ ಸರಿಯಾದ ಕ್ಷಣದಲ್ಲಿ ತುಂಡರಿಸಿದರೆ ಕಿಡಿ ಹಾರುತ್ತದೆ. ಬ್ಯಾಟರಿ ಬೇಡ.

ನಿಂತಲ್ಲೇ ನಿಧಾನವಾಗಿ ತಿರುಗುವ ಇಂಜಿನ್ನಿಗೆ ಇದು ಸಾಕಿತ್ತು. 1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ಇಂಗ್ಲಿಷ್ ಉದ್ಯಮಿ ಒಂದು ಮೂರುಗಾಲಿ ಮೋಟಾರು ಬಂಡಿಗೆ ಇದನ್ನು ಜೋಡಿಸಿ ಕೊಡಿ ಎಂದಾಗ ತೊಡಕು ಬಂತು. ಆ ಬಂಡಿಯ ಇಂಜಿನ್ ಹಳೆಯ ಇಂಜಿನ್ನುಗಳಿಗಿಂತ ಹಲವು ಪಟ್ಟು ವೇಗವಾಗಿ ತಿರುಗುತ್ತಿತ್ತು. ಭಾರವಾದ ಸುರುಳಿಯನ್ನು ಅಷ್ಟು ವೇಗದಲ್ಲಿ ಹಿಂದೆ ಮುಂದೆ ಅಲುಗಿಸುವುದು ಸಾಧ್ಯವಿರಲಿಲ್ಲ. ಬಾಷ್ ಅವರ ಕೆಲಸಗಾರ ಆರ್ನಾಲ್ಡ್ ಟ್ಸೇರಿಂಗರ್ ಇದಕ್ಕೆ ದಾರಿ ಹುಡುಕಿದರು. ಸುರುಳಿಯನ್ನು ನಿಲ್ಲಿಸಿ, ಅದಕ್ಕೂ ಕಾಂತಕ್ಕೂ ನಡುವೆ ಹಗುರವಾದ ಲೋಹದ ಕವಚವೊಂದನ್ನು ಅಲುಗಿಸಿದರು. ಸುರುಳಿಗೆ ತಲುಪುವ ಕಾಂತಕ್ಷೇತ್ರ ಬದಲಾದರೆ ಸಾಕು, ಸುರುಳಿಯೇ ಅಲುಗಬೇಕಿಲ್ಲ. ಪ್ರಯೋಗ ಗೆದ್ದಿತು, ಮೋಟಾರು ವಾಹನದ ಲೋಕ ಬಾಷ್‌ಗೆ ತೆರೆಯಿತು. ಫ್ಯಾರಡೆಯ ನಿಯಮ ಕಲಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವೇಗದ ಇಂಜಿನ್ನಿಗೆ ಇನ್ನೂ ಗಟ್ಟಿಯಾದ ಕಿಡಿ ಬೇಕಾಯಿತು. ಅದನ್ನು ಕೊಟ್ಟವರು ಗಾಟ್ಲೋಬ್ ಹೊನೊಲ್ಡ್. ಹುಡುಗನಾಗಿದ್ದಾಗ ಇದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ನಂತರ ಕಾಲೇಜು ಓದಿ, ಇಂಜಿನಿಯರಾಗಿ ಬಾಷ್ ಅವರಲ್ಲಿಗೇ ಮರಳಿ ಬಂದವರು. ಅವರು ರೂಪಿಸಿದ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗಿಗೆ 1902ರಲ್ಲಿ ಪೇಟೆಂಟ್ ಸಿಕ್ಕಿತು. ಕಾರುಗಳು, ಆಮೇಲೆ ವಿಮಾನಗಳು ಅದರ ಮೇಲೆಯೇ ಓಡಿದವು. 1906ರ ಹೊತ್ತಿಗೆ ಒಂದು ಲಕ್ಷನೆಯ ಮ್ಯಾಗ್ನೆಟೋ ಕಾರ್ಖಾನೆಯಿಂದ ಹೊರಬಂತು.

ಅದೇ 1906ರಲ್ಲಿ ಬಾಷ್ ತಮ್ಮ ಕಾರ್ಖಾನೆಯಲ್ಲಿ ಎಂಟು ಗಂಟೆಯ ದುಡಿಮೆಯ ದಿನ ತಂದರು. ಹತ್ತು ಗಂಟೆ ದುಡಿಸುವುದು ಸಾಮಾನ್ಯವಾಗಿದ್ದ ಕಾಲವದು. ದಣಿದ ಕೈ ಸೂಕ್ಷ್ಮ ಕೆಲಸ ಮಾಡಲಾರದು ಎಂಬುದು ಅವರ ಲೆಕ್ಕ. ಬೇರೆ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಹಂಗಿಸಿದರು. ಆದರೂ 1913ರಲ್ಲಿ ಅವರ ಕಾರ್ಖಾನೆಯಲ್ಲಿಯೇ ಮುಷ್ಕರ ನಡೆಯಿತು. ಅದು ಅವರನ್ನು ನೋಯಿಸಿತು. ಅವರು ಮಾಲೀಕರ ಸಂಘ ಸೇರಿದರು. ಒಳ್ಳೆಯ ಸಂಬಳ, ಕಡಿಮೆ ಗಂಟೆ ಕೊಟ್ಟವರಿಗೂ ಕೆಲಸಗಾರರ ಜೊತೆ ಜಗಳ ತಪ್ಪಲಿಲ್ಲ.

ಅದೇ ವರ್ಷ ಅವರು ಕಾರ್ಖಾನೆಯೊಳಗೆ ಹೊಸ ಹುಡುಗರಿಗೆ ಪ್ರತ್ಯೇಕ ತರಬೇತಿ ವಿಭಾಗ ತೆರೆದರು. ಕಲಿಯಲು ಬಂದವನು ಕಸ ಗುಡಿಸುತ್ತ, ಚಹಾ ತರುತ್ತ, ಕದ್ದು ನೋಡಿ ಕಲಿಯಬೇಕಿಲ್ಲ. ಕಲಿಸುವುದಕ್ಕೆಂದೇ ಒಬ್ಬ ಗುರು, ಕಲಿಯುವುದಕ್ಕೆಂದೇ ಸ್ಥಳ ಮತ್ತು ಸಮಯ. ಉಲ್ಮ್‌ನಲ್ಲಿ ತಮಗೆ ಸಿಗದೇ ಹೋದದ್ದನ್ನು ಮೂವತ್ತೇಳು ವರ್ಷಗಳ ನಂತರ ಬೇರೆಯವರ ಮಕ್ಕಳಿಗೆ ಕೊಟ್ಟರು. ಇದಕ್ಕೂ ಮೊದಲೇ, 1910ರಲ್ಲಿ, ತಾವು ಕೇವಲ ಸ್ವಲ್ಪ ಕಾಲ ಕುಳಿತಿದ್ದ ಸ್ಟುಟ್‌ಗಾರ್ಟ್ ಕಾಲೇಜಿಗೆ ಹತ್ತು ಲಕ್ಷ ಮಾರ್ಕ್ ದಾನ ಮಾಡಿದ್ದರು.

ಇನ್ನು ಪಂಪಿನ ವಿಷಯ. ರುಡಾಲ್ಫ್ ಡೀಸೆಲ್ ಅವರ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಆ ಒತ್ತಡದ ವಿರುದ್ಧ ಎಣ್ಣೆಯನ್ನು ಒಳಗೆ ನುಗ್ಗಿಸಲು ಮೊದಲು ಒಂದು ದೊಡ್ಡ ಗಾಳಿ ಕಂಪ್ರೆಸರ್ ಬೇಕಿತ್ತು. ಹಡಗು, ಕಾರ್ಖಾನೆಗೆ ಅದು ಸರಿ; ಲಾರಿಯ ಮೇಲೆ ಹೊರಿಸುವಂತಿರಲಿಲ್ಲ. ಗಾಳಿಯ ಸಹಾಯವಿಲ್ಲದೆ, ಪ್ರತಿ ಸಿಲಿಂಡರಿಗೆ ಪ್ರತಿ ಸಲವೂ ಒಂದೇ ಅಳತೆಯ ಹನಿಯನ್ನು, ಒಂದೇ ಗಳಿಗೆಗೆ ನುಗ್ಗಿಸುವ ಚಿಕ್ಕ ಪಂಪು ಬೇಕಿತ್ತು. ಡೀಸೆಲ್ ಬಂದರೆ ಸ್ಪಾರ್ಕ್ ಪ್ಲಗ್ಗಿನ ವ್ಯಾಪಾರಕ್ಕೆ ಹೊಡೆತ ಎಂಬುದು ಬಾಷ್‌ಗೆ ಗೊತ್ತಿತ್ತು. ಆದರೂ 1922ರ ಕೊನೆಯಲ್ಲಿ ಆ ಪಂಪನ್ನು ತಾವೇ ಮಾಡುವುದೆಂದು ನಿರ್ಧರಿಸಿದರು. ಇಂಜಿನ್ನಿಗೆ ಹನಿ ಹನಿಯಾಗಿ ಕೀಲೆಣ್ಣೆ ಉಣಿಸುವ ಪಂಪನ್ನು ಅವರ ಕಾರ್ಖಾನೆ 1909ರಿಂದಲೇ ಮಾಡುತ್ತಿತ್ತು. ಆ ಅನುಭವ ನೆರವಿಗೆ ಬಂತು.

1923ರಲ್ಲಿ ಸುಮಾರು ಒಂದು ಡಜನ್ ಬಗೆಯ ಪ್ರಾಯೋಗಿಕ ಪಂಪುಗಳು ತಯಾರಾಗಿ ಇಂಜಿನ್ನಿನ ಮೇಲೆ ಪರೀಕ್ಷೆಗೆ ಹೋದವು. ಅದೇ ವರ್ಷ ಹೊನೊಲ್ಡ್ ತೀರಿಕೊಂಡರು. ಪರೀಕ್ಷೆ ನಿಲ್ಲಲಿಲ್ಲ. ಪಂಪಿನೊಳಗಿನ ಪ್ಲಂಜರು ಮತ್ತು ಅದು ಓಡಾಡುವ ಕೊಳವೆಯ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟಿರಬೇಕು. ಸಂದು ಹೆಚ್ಚಾದರೆ ಎಣ್ಣೆ ಸೋರುತ್ತದೆ, ಕಡಿಮೆಯಾದರೆ ಪ್ಲಂಜರು ಕಚ್ಚಿಕೊಳ್ಳುತ್ತದೆ. ಯಾದಗಿರಿಯ ಮಿಸ್ತ್ರಿ ಒಂದು ಪಂಪಿನ ಪ್ಲಂಜರನ್ನು ಇನ್ನೊಂದರ ಕೊಳವೆಗೆ ಹಾಕುವುದಿಲ್ಲ; ಎರಡೂ ಜೋಡಿಯಾಗಿಯೇ ಹುಟ್ಟಿದವು. ಒಂದರ ನಂತರ ಒಂದು ಮಾದರಿ ಸೋತು, ತಿದ್ದಿ, ಮತ್ತೆ ಪರೀಕ್ಷೆಯಾಗಿ, ಐದು ವರ್ಷಗಳ ಬಳಿಕ 1927ರ ನವೆಂಬರ್ 30ರಂದು ಪಂಪಿನ ದೊಡ್ಡ ಪ್ರಮಾಣದ ಉತ್ಪಾದನೆಗೆ ಒಪ್ಪಿಗೆ ಸಿಕ್ಕಿತು. ಮೊದಲು ಲಾರಿಗಳಿಗೆ, 1936ರಲ್ಲಿ ಮರ್ಸಿಡಿಸ್ 260 ಡಿ ಕಾರಿಗೆ ಅದು ಬಂತು. ನಮ್ಮ ಹೊಲದ ಟ್ರ್ಯಾಕ್ಟರಿನಲ್ಲಿ ಇದ್ದದ್ದು ಅದೇ ವಂಶದ ಪಂಪು.

ಬಾಷ್ ಅವರ ಮನೆಯ ಬದುಕು ಸುಖದ್ದಾಗಿರಲಿಲ್ಲ. ವಾರಸುದಾರನಾಗಬೇಕಿದ್ದ ಮಗ ದೀರ್ಘ ಕಾಯಿಲೆಯಿಂದ 1921ರಲ್ಲಿ ತೀರಿಕೊಂಡ. ಮೊದಲ ಮದುವೆ ಮುರಿಯಿತು. 1927ರಲ್ಲಿ ಮತ್ತೆ ಮದುವೆಯಾದರು. ಮೊದಲ ಮಹಾಯುದ್ಧದಲ್ಲಿ ಬಂದ ಲಾಭವನ್ನು ಇಟ್ಟುಕೊಳ್ಳಲು ಮನಸ್ಸಾಗದೆ ಕೋಟಿಗೂ ಹೆಚ್ಚು ಮಾರ್ಕ್‌ಗಳನ್ನು ನೆಕ್ಕರ್ ನದಿಯ ಕಾಲುವೆ ಕೆಲಸಕ್ಕೆ ಕೊಟ್ಟರು. ನಾಜಿಗಳ ಕಾಲದ ಕಥೆ ಅಷ್ಟು ಸರಳವಲ್ಲ. ಬಾಷ್ ಮತ್ತು ಅವರ ಹತ್ತಿರದವರು ಹಿಟ್ಲರನ ವಿರೋಧಿ ಕಾರ್ಲ್ ಗೋರ್ಡೆಲರ್ ಅವರಿಗೆ ಆಸರೆಯಾದರು, ಕಿರುಕುಳಕ್ಕೊಳಗಾದ ಯೆಹೂದಿಗಳಿಗೆ ನೆರವಾದರು. ಅದೇ ಹೊತ್ತಿಗೆ ಅವರ ಕಾರ್ಖಾನೆ ಸೈನ್ಯಕ್ಕೆ ಸರಕು ಒದಗಿಸಿತು. ಯುದ್ಧಕಾಲದಲ್ಲಿ ಸಾವಿರಾರು ಜನರನ್ನು ಬಲವಂತವಾಗಿ ಅಲ್ಲಿ ದುಡಿಸಲಾಯಿತು. ಎರಡನ್ನೂ ಹೇಳದೆ ಈ ಜೀವನವನ್ನು ಮಕ್ಕಳ ಮುಂದಿಡಬಾರದು. 1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡರು. ತಾವು ಒಪ್ಪದಿದ್ದ ಸರಕಾರವೇ ಅವರ ಶವಸಂಸ್ಕಾರವನ್ನು ಸರಕಾರಿ ಗೌರವದಿಂದ ನಡೆಸಿತು.

ಪಂಪು ನಮ್ಮ ನಾಡಿಗೆ ಬಂದದ್ದು ಅವರ ನಂತರ. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಸ್ಥಾಪನೆಯಾಯಿತು. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಾದವು. ಅಲ್ಲಿಯೂ ಹುಡುಗರಿಗೆ ಕೆಲಸ ಕಲಿಸುವ ತರಬೇತಿ ಕೇಂದ್ರ ಬಂತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಳೆಯ ಪಂಪಿನ ಮೇಲೆ ಒಂದು ಹೆಸರು, ಹೊಸದರ ಮೇಲೆ ಇನ್ನೊಂದು ಇದ್ದುದು ಇದಕ್ಕೇ.

ಹುಡುಗ ಕೇಳಿದ ವಿದ್ಯುತ್ ಪಂಪು ಕೂಡ ಇದೇ ಕಂಪನಿಯ ಕಥೆಗೆ ಸೇರುತ್ತದೆ. ಕಾರಿನ ಪೆಟ್ರೋಲನ್ನು ವಿದ್ಯುನ್ಮಾನದಿಂದ ಅಳೆದು ಸಿಂಪಡಿಸುವ ಡಿ-ಜೆಟ್ರಾನಿಕ್ ವ್ಯವಸ್ಥೆ 1967ರಲ್ಲಿ ಬಾಷ್ ಕಂಪನಿಯಿಂದ ಬಂತು. ಸಿಂಪಡಿಸಲು ಪೆಟ್ರೋಲು ಸದಾ ಒಂದೇ ಒತ್ತಡದಲ್ಲಿ ಸಿದ್ಧವಾಗಿರಬೇಕು. ಅದಕ್ಕೆ ಆ ವ್ಯವಸ್ಥೆಯಲ್ಲಿ ವಿದ್ಯುತ್ ಪಂಪು ಇತ್ತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೂ ಅಂಥ ಪಂಪು ಬಂದಿದೆ. ಕೀಲಿ ತಿರುಗಿಸಿದಾಗ ಕೇಳುವ ಸದ್ದು ಒತ್ತಡ ಸಿದ್ಧವಾಗುವ ಸದ್ದು. ಪೆಟ್ರೋಲು ಮೋಟಾರಿನೊಳಗಿಂದಲೇ ಹರಿದು ಅದನ್ನು ತಂಪಾಗಿಡುತ್ತದೆ. ಬೆಂಕಿ ಹತ್ತಲು ಪೆಟ್ರೋಲಿನ ಆವಿಗೆ ತಕ್ಕ ಪ್ರಮಾಣದ ಗಾಳಿ ಸೇರಬೇಕು. ಪಂಪಿನೊಳಗೆ ದ್ರವ ತುಂಬಿರುವುದರಿಂದ ಅಲ್ಲಿ ಗಾಳಿಗೆ ಜಾಗವಿಲ್ಲ, ಕಿಡಿ ಇದ್ದರೂ ಉರಿ ಇಲ್ಲ. ಮಿಸ್ತ್ರಿ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು. ನನಗೆ ನಾಲ್ಕು ವಾಕ್ಯ ಬೇಕಾದವು.

ಉತ್ತರ ಸಿಕ್ಕಿತು. ಆದರೆ ಆ ಹುಡುಗನಿಗೆ ಈ ಜೀವನ ಹೇಳುವುದೋ ಬೇಡವೋ ಎಂಬುದು ನನಗೆ ತೊಡಕಾಯಿತು. ಹದಿನೈದಕ್ಕೆ ಶಾಲೆ ಬಿಟ್ಟು ಜಗತ್ಪ್ರಸಿದ್ಧರಾದವರ ಕಥೆ ಹೇಳಿದರೆ ಶಾಲೆ ಬಿಡಲು ಅವನಿಗೆ ಒಂದು ನೆಪ ಕೊಟ್ಟಂತೆ ಆಗುವುದಿಲ್ಲವೇ? ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಅಪಾಯ, ಪೂರ್ತಿ ಹೇಳಿದರೆ ಅಪಾಯವಿಲ್ಲ ಎಂದರು ಅವರು. ಹಾಗೇ ಮಾಡಿದೆ. ಕಲಿಸದ ಗುರುವಿನ ಬಳಿ ಕಳೆದ ಮೂರು ವರ್ಷ, ಇಪ್ಪತ್ತೆರಡಕ್ಕೆ ವೋಲ್ಟೇಜು ತಿಳಿಯಲು ಮತ್ತೆ ಬೆಂಚಿನ ಮೇಲೆ ಕುಳಿತದ್ದು, ವರ್ಕ್‌ಶಾಪಿನ ಹುಡುಗ ಹೊನೊಲ್ಡ್ ಕಾಲೇಜು ಓದಿ ಅಲ್ಲಿಗೇ ಮರಳಿದ್ದು, ಎಲ್ಲವನ್ನೂ ಹೇಳಿದೆ. ಗ್ಯಾರೇಜು ಬಿಡು ಎಂದು ಹೇಳಲಿಲ್ಲ. ಟ್ಯಾಂಕಿನೊಳಗಿನ ಮೋಟಾರನ್ನು ಆ ದಿನ ತರಗತಿಗೆ ತಿಳಿಸಿದವನು ಅವನೇ ಎಂದು ಎಲ್ಲರೆದುರು ಹೇಳಿ, ಮಂಡಲದ ಚಿತ್ರ ಬರೆಯಲು ಬೋರ್ಡಿಗೆ ಕರೆದೆ. ಬೋಧನಾಭ್ಯಾಸ ಮುಗಿಯುವವರೆಗೆ ಅವನು ಒಂದು ದಿನವೂ ತಪ್ಪಿಸಲಿಲ್ಲ. ಮುಂದೆ ಏನು ಮಾಡುತ್ತಾನೋ ಅದು ಅವನಿಗೆ ಬಿಟ್ಟದ್ದು.

ಯಾದಗಿರಿಯ ಅಂಗಡಿಯ ಪರೀಕ್ಷಾ ಯಂತ್ರವನ್ನು ಇಲ್ಲಿ ನೆನೆಯಲೇಬೇಕು. ಪಂಪನ್ನು ಅದಕ್ಕೆ ಕಟ್ಟಿ ತಿರುಗಿಸಿದರೆ ಒಂದೊಂದು ನಳಿಗೆಯ ಎಣ್ಣೆ ಒಂದೊಂದು ಗಾಜಿನ ಅಳತೆ ಕೊಳವೆಗೆ ಬೀಳುತ್ತದೆ. ಎಲ್ಲ ಕೊಳವೆಗಳಲ್ಲಿ ಒಂದೇ ಮಟ್ಟ ಬರಬೇಕು. ಅಂದು ಒಂದರಲ್ಲಿ ಕಡಿಮೆ ಬಂತು. ಮಿಸ್ತ್ರಿ ಆ ಗಾಜಿನ ಕೊಳವೆಯನ್ನು ಮುಟ್ಟಲಿಲ್ಲ. ಪಂಪನ್ನು ನಿಲ್ಲಿಸಿ ತೆರೆದರು, ಹೊಂದಿಸಿದರು, ಮತ್ತೆ ತಿರುಗಿಸಿದರು. ಮೂರನೇ ಸಲಕ್ಕೆ ಮಟ್ಟ ಸರಿಯಾಯಿತು.

ಆ ವಾರ ನಾನು ತೆಗೆದುಕೊಂಡ ಘಟಕ ಪರೀಕ್ಷೆಯಲ್ಲಿ ಹನ್ನೊಂದು ಮಕ್ಕಳಿಗೆ ಕಡಿಮೆ ಅಂಕ ಬಂದಿದ್ದವು. ಅವರ ಹೆಸರುಗಳನ್ನು ಹಿಂದುಳಿದವರ ಪಟ್ಟಿಗೆ ಬರೆಯಲು ಹೊರಟಿದ್ದೆ. ಅಂಗಡಿಯಿಂದ ಬಂದ ಮೇಲೆ ಮೊದಲು ನನ್ನ ಪಾಠಯೋಜನೆಯನ್ನು ತೆರೆದು ನೋಡಿದೆ. ಸುರುಳಿ ಮತ್ತು ಕಾಂತದ ಪ್ರಯೋಗವನ್ನು ನಾನೇ ಮುಂದೆ ನಿಂತು ಮಾಡಿ ತೋರಿಸಿದ್ದೆ; ಹಿಂದಿನ ಎರಡು ಸಾಲಿನ ಮಕ್ಕಳಿಗೆ ಗ್ಯಾಲ್ವನೋಮೀಟರಿನ ಮುಳ್ಳು ಕಂಡೇ ಇರಲಿಲ್ಲ. ಆ ಹನ್ನೊಂದರಲ್ಲಿ ಎಂಟು ಮಂದಿ ಆ ಸಾಲುಗಳವರು. ಮರುಬೋಧನೆಯಲ್ಲಿ ಸುರುಳಿಯನ್ನೂ ಕಾಂತವನ್ನೂ ಅವರ ಕೈಗೇ ಕೊಟ್ಟೆ.